ಹಿಮನದಿಯ ತೂಬು ಎತ್ತೋರು ಯಾರು?

ಈ ಕಡೆ ತಲೆ ಹಾಕದೆ ತಿಂಗಳುಗಳೇ ಆದವು. ಬ್ಲಾಗಿನ ಧೂಳು ಹೊಡೆದು ಈಗ ಕೂತಿದ್ದೀನಿ. ಈ ಸಲದ್ದು ಸ್ವಲ್ಪ ಉದ್ದದ ಬರಹ, ಕಾಫಿ ಮಾಡಿಕೊಂಡು ಬಂದು ಓದಿ :)

ಹಿಮನದಿ ಅನ್ನೋ ಪದ ನನಗೆ ಮೊದಲು ಸಿಕ್ಕಿದ್ದು ಹೈಸ್ಕೂಲಿನ ಭೂಗೋಳದ ಪುಸ್ತಕದಲ್ಲಿ. ಚಲಿಸುವ ಮಂಜುಗಡ್ಡೆಯ ರಾಶಿ ಅಂತ ಬರೆದರೆ ಎರಡು ಅಂಕ ಗ್ಯಾರಂಟಿ. ಶಿರಾ ಕಡೆಯ ಬಯಲುಸೀಮೆಯಲ್ಲಿ ಬೆಳೆದ ನಮಗೆ ಮಂಜುಗಡ್ಡೆ ಅಂದರೆ ಜಾತ್ರೆಯಲ್ಲಿ ಮರದ ಹೊಟ್ಟಿನೊಳಗೆ ಮುಚ್ಚಿಟ್ಟಿರುತ್ತಿದ್ದ ಐಸು, ಇಲ್ಲವೇ ಸೈಕಲ್ ಮೇಲೆ ಬರುತ್ತಿದ್ದ ಐಸ್‌ಕ್ಯಾಂಡಿ ಡಬ್ಬ. ಹಿಮನದಿಯ ಬಗ್ಗೆ ನಮ್ಮಲ್ಲಿ ಬಹಳ ಜನರ ಮನಸ್ಸಿನಲ್ಲಿರೋ ಚಿತ್ರವೂ ಹೆಚ್ಚುಕಮ್ಮಿ ಆ ಐಸ್‌ಕ್ಯಾಂಡಿಯದೇ. ಬೆಟ್ಟದ ಮೇಲೊಂದು ದೊಡ್ಡ ಗಡ್ಡೆ, ಬಿಸಿಲಿಗೆ ತುದಿ ಕರಗುತ್ತೆ, ತೊಟತೊಟ ಅಂತ ನೀರು ತೊಟ್ಟಿಕ್ಕುತ್ತೆ, ಅದೇ ಮುಂದೆ ನದಿ. ಪಾಪ, ಹಿಮನದಿ ಅಷ್ಟು ಸರಳ ಜೀವಿ ಅಲ್ಲ. ಅದರ ಹೊಟ್ಟೆಯೊಳಗೆ ಇನ್ನೊಂದು ನದಿ ಇರುತ್ತೆ. ಆ ಒಳಗಿನ ನದಿ ತನ್ನ ದಾರಿಯನ್ನ ತಾನೇ ಕೊರೆದುಕೊಳ್ಳುತ್ತೆ, ಚಳಿಗಾಲದಲ್ಲಿ ಕಳೆದುಕೊಳ್ಳುತ್ತೆ, ಮರುವರ್ಷ ಮತ್ತೆ ಮೊದಲಿನಿಂದ ಕೊರೆಯುತ್ತೆ. ಇವತ್ತು ಹೇಳಬೇಕು ಅಂದುಕೊಂಡಿರೋದು ಇದನ್ನೇ.

ನನಗೆ ಈ ಹುಚ್ಚು ಹಿಡಿಸಿದ್ದು ಅಪ್ಪ. ಅಪ್ಪ ನಮ್ಮೂರ ಕೆರೆಯ ನೀರುಗಂಟಿ. ಪೇಟೆಯಲ್ಲಿ ಬೆಳೆದವರಿಗೆ ಒಂದು ಮಾತು: ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನಿಗಾ ನೋಡಿ, ಮಳೆಗಾಲದ ರಾತ್ರಿ ಕಂದೀಲು ಹಿಡಿದು ಏರಿ ಮೇಲೆ ಓಡಾಡೋರು ನೀರುಗಂಟಿ. ಏರಿಯಲ್ಲಿ ಎಲ್ಲಾದರೂ ನೀರು ಜಿನುಗ್ತಾ ಇದೆಯಾ, ಕೋಡಿಯಲ್ಲಿ ಕಸ ಸಿಕ್ಕಿಕೊಂಡಿದೆಯಾ ಅಂತ ನೋಡೋದು ಅವರ ಕೆಲಸ. ನಮ್ಮ ತಾತನೂ ಅದನ್ನೇ ಮಾಡಿದ್ದರು. ಕೆರೆ ತುಂಬಿ ವರ್ಷಗಳಾಗಿದ್ದರೂ ಅಪ್ಪನ ಕಣ್ಣು ಮಾತ್ರ ಎಲ್ಲಿ ಹೋದರೂ ನೀರು ಎಲ್ಲಿಂದ ಬರ್ತಾ ಇದೆ, ಎಲ್ಲಿಗೆ ಹೋಗ್ತಾ ಇದೆ ಅಂತಲೇ ಹುಡುಕುತ್ತಿರುತ್ತೆ.

2018ರ ಸೆಪ್ಟೆಂಬರಿನಲ್ಲಿ ನಾನೂ ಅಪ್ಪನೂ ಗೋಮುಖಕ್ಕೆ ಹೋಗಿದ್ವಿ. ಅಮ್ಮನಿಗೆ ಮಂಡಿ ನೋವು, ಬರೋ ಹಾಗಿರಲಿಲ್ಲ. ಉತ್ತರಕಾಶಿ, ಹರ್ಸಿಲ್ ದಾಟಿ ಧರಾಲಿಯಲ್ಲಿ ಚಹಾ ಕುಡಿದು, ಅಲ್ಲಿನ ಸೇಬು ತಿಂದು, ಗಂಗೋತ್ರಿ ಸೇರಿ, ಅಲ್ಲಿಂದ ಪರ್ಮಿಟ್ ತಗೊಂಡು ಸುಮಾರು 18 ಕಿಲೋಮೀಟರ್ ನಡಿಗೆ. ಮಧ್ಯೆ ಚೀಡ್‌ಬಾಸಾ, ಭೋಜ್‌ಬಾಸಾ. ದಾರಿಯಲ್ಲಿ ಪಕ್ಕದ ಬೆಟ್ಟಗಳಿಂದ ಇಳಿದು ಬರೋ ಹಳ್ಳಗಳನ್ನ ದಾಟಬೇಕು. ಬೆಳಿಗ್ಗೆ ನಾವು ಒಂದು ಹಳ್ಳವನ್ನ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಸಲೀಸಾಗಿ ದಾಟಿದ್ವಿ. ಮಾರನೇ ದಿನ ವಾಪಸ್ ಬರುವಾಗ ಸಂಜೆ ನಾಲ್ಕಾಗಿತ್ತು. ಅದೇ ಹಳ್ಳ ಬೋರ್ಗರೆಯುತ್ತಿತ್ತು, ನಾವು ಕಾಲಿಟ್ಟಿದ್ದ ಕಲ್ಲುಗಳೇ ಕಾಣಿಸಲಿಲ್ಲ. ಆಕಾಶದಲ್ಲಿ ಒಂದು ತುಂಡು ಮೋಡ ಇಲ್ಲ, ಮಳೆ ಬಂದಿಲ್ಲ. ನಮ್ಮ ಜೊತೆಗಿದ್ದ ಗೈಡ್ ಹುಡುಗ ಇಬ್ಬರ ಕೈಯನ್ನೂ ಹಿಡಿದು ದಾಟಿಸಿದ. ಆ ಕಡೆ ದಡದಲ್ಲಿ ಕೂತು ಶೂ ಒಳಗಿನ ನೀರು ಸುರಿಯುತ್ತಾ ಅಪ್ಪ ಕೇಳಿದರು, "ಅಲ್ಲ ಮಗಾ, ಮೇಲೆ ತೂಬು ಎತ್ತೋರು ಯಾರು?"

ಗೈಡ್ ಹುಡುಗನಿಗೆ ಹಿಂದಿಯಲ್ಲಿ ಕೇಳಿದೆ. ಅವನು ನಕ್ಕು ಸೂರ್ಯನ ಕಡೆ ಕೈ ತೋರಿಸಿದ. ಉತ್ತರ ಸರಿಯೇ, ಆದರೆ ಅರ್ಧ. ಬಿಸಿಲು ಹೆಚ್ಚೋದು ಮಧ್ಯಾಹ್ನ, ನೀರು ಹೆಚ್ಚೋದು ಸಂಜೆ. ನಡುವಿನ ಆ ಮೂರು-ನಾಲ್ಕು ಗಂಟೆ ನೀರು ಎಲ್ಲಿತ್ತು? ಬೆಂಗಳೂರಿಗೆ ವಾಪಸ್ ಬಂದ ಮೇಲೆ ಸಿಕ್ಕಿದ್ದನ್ನೆಲ್ಲ ಓದೋಕೆ ಶುರು ಮಾಡಿದೆ. ಅರ್ಥ ಆದಷ್ಟನ್ನ ಅಪ್ಪನಿಗೆ ಫೋನಿನಲ್ಲಿ ಕಂತು ಕಂತಾಗಿ ಹೇಳಿದೆ. ಆ ಕಂತುಗಳನ್ನೇ ಇಲ್ಲಿ ಜೋಡಿಸಿದ್ದೀನಿ.

ಮೊದಲು ಮೇಲಿಂದ ಶುರು ಮಾಡೋಣ. ಹಿಮನದಿಯ ಎತ್ತರದ ಭಾಗದಲ್ಲಿ ಮೇಲ್ಗಡೆ ಇರೋದು ಗಟ್ಟಿ ಮಂಜುಗಡ್ಡೆ ಅಲ್ಲ, ಹಿಮ. ಅದರ ಕೆಳಗೆ ವರ್ಷಗಳಿಂದ ಒತ್ತಿ ಒತ್ತಿ ಕೂತ ಹಳೇ ಹಿಮ, ಹರಳು ಹರಳಾಗಿ ಕಲ್ಲುಸಕ್ಕರೆ ಪುಡಿಯ ಹಾಗೆ. ಇದು ಸ್ಪಂಜು. ಬಿಸಿಲಿಗೆ ಕರಗಿದ ನೀರು ಇದರಲ್ಲಿ ಇಂಗಿ, ನಿಧಾನವಾಗಿ ಕೆಳಗೆ ಜಾರುತ್ತೆ. ಆದ್ದರಿಂದ ಬೇಸಿಗೆಯ ಆರಂಭದಲ್ಲಿ, ಹಿಮದ ಹೊದಿಕೆ ಇನ್ನೂ ದಪ್ಪಗಿರುವಾಗ, ಇವತ್ತು ಕರಗಿದ ನೀರು ಇವತ್ತೇ ಹಳ್ಳಕ್ಕೆ ಬರಬೇಕು ಅಂತೇನಿಲ್ಲ. ಬೇಸಿಗೆ ಬಲಿತ ಹಾಗೆ ಕೆಳಭಾಗದ ಹಿಮ ಕರಗಿ ಹೋಗಿ ಬರೀ ಮಂಜುಗಡ್ಡೆ ಹೊರಗೆ ಕಾಣುತ್ತೆ. ಗಟ್ಟಿ ಮಂಜುಗಡ್ಡೆಯಲ್ಲಿ ನೀರು ಇಂಗೋದು ತೀರಾ ಕಡಿಮೆ. ಸಿಮೆಂಟು ನೆಲದ ಮೇಲೆ ಬಕೆಟ್ ಸುರಿದ ಹಾಗೆ ಮೇಲೇ ಹರಿಯುತ್ತೆ, ಸಣ್ಣ ಸಣ್ಣ ತೊರೆಗಳಾಗುತ್ತೆ. ಎಲ್ಲಿ ಬಿರುಕು ಸಿಗುತ್ತೋ ಅಲ್ಲಿ ಧುಮುಕುತ್ತೆ.

ಈ ಧುಮುಕುವ ಜಾಗಕ್ಕೆ ಫ್ರೆಂಚರು ಇಟ್ಟ ಹೆಸರೇ ಚೆನ್ನಾಗಿದೆ. ಅವರ ಮಾತಿನಲ್ಲಿ ಅದು ಗಿರಣಿ. ಮಂಜುಗಡ್ಡೆಯಲ್ಲಿ ಬಾವಿಯಂಥ ದುಂಡನೆಯ ರಂಧ್ರ, ಅದರೊಳಗೆ ನೀರು ಸುತ್ತಿ ಸುತ್ತಿ ಬೀಳುವಾಗ ನೀರಿನ ಗಿರಣಿಯ ಸದ್ದು ಬರುತ್ತಂತೆ. ಮೇಲೆ ಗಿರಣಿ ಇದ್ದ ಮೇಲೆ ಕೆಳಗೆ ಹಿಟ್ಟು ಬರಬೇಕಲ್ಲ? ಬರುತ್ತೆ! ಗೋಮುಖದಲ್ಲಿ ಹೊರಬರುವ ನೀರು ತಿಳಿಯಾಗಿರಲ್ಲ, ಬೂದು ಬಣ್ಣಕ್ಕಿರುತ್ತೆ. ಹಿಮನದಿ ತನ್ನ ತಳದ ಬಂಡೆಯನ್ನ ಉಜ್ಜಿ ಉಜ್ಜಿ ಮಾಡಿದ ಕಲ್ಲಿನ ಹಿಟ್ಟು ಅದು. ಅಪ್ಪ ತಾಮ್ರದ ಚೊಂಬಿನಲ್ಲಿ ತುಂಬಿಕೊಂಡು ಬಂದ ನೀರಿನ ತಳದಲ್ಲಿ ಮಾರನೇ ದಿನ ತೆಳ್ಳಗೆ ಅದೇ ಹಿಟ್ಟು ಕೂತಿತ್ತು. ಆ ನೀರು ತಳದ ಬಂಡೆಯನ್ನ ಮುಟ್ಟಿಯೇ ಬಂದಿದೆ ಅನ್ನೋಕೆ ಬೇರೆ ಸಾಕ್ಷಿ ಬೇಡ.

ಈಗ ಒಳಗೆ ಹೋಗೋಣ. ಮಂಜುಗಡ್ಡೆ ನೋಡೋಕೆ ಕಲ್ಲಿನ ಹಾಗಿದ್ದರೂ ದಪ್ಪಗಾದಾಗ ಅದರ ನಡತೆ ಬಲು ಗಟ್ಟಿ ಜೋನಿಬೆಲ್ಲದ್ದು. ಭಾರಕ್ಕೆ ನಿಧಾನವಾಗಿ ಹರಿಯುತ್ತೆ. ಒಳಗೊಂದು ತೂತು ಇದ್ದರೆ ಸುತ್ತಲಿಂದ ಒತ್ತಿ ಮುಚ್ಚೋಕೆ ನೋಡುತ್ತೆ. ಎಷ್ಟು ಒತ್ತಡ? ಇಲ್ಲಿ ನಮ್ಮ ಬೆಂಗಳೂರಿನ ಒಂದು ಲೆಕ್ಕ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಹವಾಮಾನ ಬದಲಾವಣೆ ಕೇಂದ್ರದವರು 2014ರಲ್ಲಿ ಗಂಗೋತ್ರಿ ಹಿಮನದಿಯ ದಪ್ಪವನ್ನ ಅಂದಾಜು ಮಾಡಿದರು. ಉಪಗ್ರಹದ ಚಿತ್ರಗಳಿಂದ ಮಂಜುಗಡ್ಡೆ ಎಷ್ಟು ವೇಗವಾಗಿ ಜಾರ್ತಾ ಇದೆ ಅಂತ ನೋಡಿ, ಇಳಿಜಾರಿನ ಲೆಕ್ಕ ಸೇರಿಸಿ, ಮೇಲ್ಭಾಗದಲ್ಲಿ ಸುಮಾರು 540 ಮೀಟರ್, ಮೂತಿಯ ಹತ್ತಿರ 50-60 ಮೀಟರ್ ಅಂದರು. 540 ಮೀಟರ್ ಮಂಜುಗಡ್ಡೆಯ ಅಡಿಯಲ್ಲಿ ಒಂದು ಚದರ ಸೆಂಟಿಮೀಟರಿನ ಮೇಲೆ 48-49 ಕಿಲೋ ಭಾರ ಬೀಳುತ್ತೆ. ಕಾರಿನ ಟೈರಿನಲ್ಲಿರೋ ಗಾಳಿಯ ಒತ್ತಡ ಎರಡು ಕಿಲೋ ಆಸುಪಾಸು ಅನ್ನೋದನ್ನ ನೆನಪಿಟ್ಟುಕೊಂಡರೆ ಇದರ ಅಂದಾಜು ಸಿಗುತ್ತೆ. ಅಂಥ ಭಾರದ ಅಡಿಯಲ್ಲಿ ಖಾಲಿ ಸುರಂಗ ಬಹಳ ಕಾಲ ಬಾಳೋದಿಲ್ಲ.

ಹಾಗಾದರೆ ಸುರಂಗ ಉಳಿಯೋದು ಹೇಗೆ? ಹರಿಯೋ ನೀರಿನಿಂದಲೇ. ನೀರು ಇಳಿಜಾರಿನಲ್ಲಿ ಹರಿಯುವಾಗ ಘರ್ಷಣೆಯಿಂದ ಒಂಚೂರು ಶಾಖ ಹುಟ್ಟುತ್ತೆ. ಸ್ನಾನದ ನೀರಿನ ಲೆಕ್ಕದಲ್ಲಿ ಅದು ಏನೇನೂ ಅಲ್ಲ, 100 ಮೀಟರ್ ಇಳಿದರೆ ಕಾಲು ಡಿಗ್ರಿಗೂ ಕಡಿಮೆ. ಆದರೆ ಸೊನ್ನೆ ಡಿಗ್ರಿಯಲ್ಲಿ, ಕರಗೋಕೆ ತುದಿಗಾಲಲ್ಲಿ ನಿಂತಿರೋ ಮಂಜುಗಡ್ಡೆಗೆ ಅಷ್ಟು ಸಾಕು. ನಾನೇ ಪೇಪರಿನಲ್ಲಿ ಲೆಕ್ಕ ಹಾಕಿ ನೋಡಿದೆ: ಸಾವಿರ ಲೀಟರ್ ನೀರು 100 ಮೀಟರ್ ಇಳಿದರೆ ಹುಟ್ಟೋ ಶಾಖ ಸುಮಾರು ಮೂರು ಕಿಲೋ ಮಂಜುಗಡ್ಡೆಯನ್ನ ಕರಗಿಸುತ್ತೆ. ಸೆಕೆಂಡಿಗೆ ಹತ್ತು ಸಾವಿರ ಲೀಟರ್ ಹರಿಯೋ ತೊರೆ ಅಂದುಕೊಳ್ಳಿ. ಪ್ರತಿ ಸೆಕೆಂಡಿಗೂ ಮೂವತ್ತು ಕಿಲೋ! ಹೀಗೆ ಒಳಗಿಂದ ನೀರು ಗೋಡೆಯನ್ನ ಕರಗಿಸ್ತಾ ಇರುತ್ತೆ, ಹೊರಗಿಂದ ಮಂಜುಗಡ್ಡೆ ಒತ್ತಿ ಮುಚ್ಚುತ್ತಾ ಇರುತ್ತೆ. ಎರಡೂ ಸಮವಾದಾಗ ಸುರಂಗದ ಅಗಲ ನಿಲ್ಲುತ್ತೆ. ಈ ಹಗ್ಗಜಗ್ಗಾಟವನ್ನ ಗಣಿತದಲ್ಲಿ ಬರೆದವರು ಹಾನ್ಸ್ ರೋತ್ಲಿಸ್‌ಬರ್ಗರ್ ಅನ್ನೋ ಸ್ವಿಟ್ಜರ್ಲೆಂಡಿನ ವಿಜ್ಞಾನಿ, 1972ರಲ್ಲಿ. ಇವತ್ತಿಗೂ ಈ ಥರದ ಸುರಂಗಗಳಿಗೆ ಅವರ ಹೆಸರೇ.

ಆ ಗಣಿತದಿಂದ ಒಂದು ವಿಚಿತ್ರ ಸಂಗತಿ ಹೊರಗೆ ಬರುತ್ತೆ. ನಮ್ಮ ಮನೆ ನಲ್ಲಿಯ ಪೈಪಿನಲ್ಲಿ ಹೆಚ್ಚು ನೀರು ನುಗ್ಗಿಸಬೇಕು ಅಂದರೆ ಒತ್ತಡ ಹೆಚ್ಚಿಸಬೇಕು. ಮಂಜುಗಡ್ಡೆಯ ಸುರಂಗ ಹರಿವಿಗೆ ಹೊಂದಿಕೊಂಡು ನಿಂತ ಮೇಲೆ ಲೆಕ್ಕ ಉಲ್ಟಾ. ಹೆಚ್ಚು ನೀರು ಹರಿದರೆ ಗೋಡೆ ಹೆಚ್ಚು ಕರಗಿ ಸುರಂಗ ಅಗಲ ಆಗುತ್ತೆ, ಒಳಗಿನ ಒತ್ತಡ ಇಳಿಯುತ್ತೆ. ಒತ್ತಡ ಇಳಿದ ದೊಡ್ಡ ಸುರಂಗ ಅಕ್ಕಪಕ್ಕದ ಸಣ್ಣವುಗಳ ನೀರನ್ನೂ ತನ್ನ ಕಡೆಗೆ ಎಳೆದುಕೊಳ್ಳುತ್ತೆ. ಸಣ್ಣವು ಸೊರಗಿ ಮುಚ್ಚುತ್ತವೆ, ದೊಡ್ಡದು ಇನ್ನೂ ದೊಡ್ಡದಾಗುತ್ತೆ. ಕೊನೆಗೆ ಹಿಮನದಿಯ ತಳದಲ್ಲಿ ಮರದ ಆಕಾರ ಉಳಿಯುತ್ತೆ, ರೆಂಬೆಗಳೆಲ್ಲ ಬಂದು ಒಂದು ಬೊಡ್ಡೆಗೆ ಸೇರುತ್ತೆ. ಆ ಬೊಡ್ಡೆಯ ಬಾಯಿಯೇ ಗೋಮುಖದಂಥ ಗುಹೆ. ಇದನ್ನ ಕೇಳಿದಾಗ ಅಪ್ಪ ಹೇಳಿದ್ದು, "ಕಾಲುವೆ ಒಂದೇ ಇದ್ರೆ ಒಳ್ಳೇದು ಬಿಡು, ಕಾಯೋಕೆ ಸುಲಭ."

ಆದರೆ ಚಳಿಗಾಲ ಬರುತ್ತಲ್ಲ. ಮೇಲೆ ಕರಗೋದು ನಿಲ್ಲುತ್ತೆ, ನೀರು ನಿಂತ ಸುರಂಗಗಳನ್ನ ಮಂಜುಗಡ್ಡೆ ಒತ್ತಿ ಮುಚ್ಚುತ್ತೆ. ದಪ್ಪ ಇರೋ ಕಡೆ ಬೇಗ, ತೆಳ್ಳಗಿರೋ ಮೂತಿಯ ಹತ್ತಿರ ನಿಧಾನವಾಗಿ. ಆಗ ತಳದಲ್ಲಿ ಉಳಿಯೋದು ಬೇರೆ ವ್ಯವಸ್ಥೆ. ಹಿಮನದಿ ಬಂಡೆಗಳ ಉಬ್ಬುತಗ್ಗಿನ ಮೇಲೆ ಜಾರುವಾಗ ಪ್ರತಿ ಉಬ್ಬಿನ ಹಿಂದೆ ಒಂದಿಷ್ಟು ಪೊಟರೆ ಉಳಿಯುತ್ತೆ. ಆ ಪೊಟರೆಗಳು ಒಂದಕ್ಕೊಂದು ಸಣ್ಣ ಸಂದಿಗಳಿಂದ ಕೂಡಿಕೊಂಡಿರುತ್ತೆ. ಅವುಗಳಲ್ಲಿ ನೀರು ಹೋಗುತ್ತೆ, ಆದರೆ ಸುತ್ತಿ ಬಳಸಿ, ಗಲ್ಲಿ ಗಲ್ಲಿ ಹೊಕ್ಕು ಹೊರಡೋ ಹಾಗೆ, ಒತ್ತಡ ಕಟ್ಟಿಕೊಂಡು. ವಸಂತದಲ್ಲಿ ಮೊದಲ ಬಿಸಿಲಿನ ನೀರು ಧುಮುಕಿದಾಗ ಅದಕ್ಕೆ ಸಿಗೋದು ಈ ಗಲ್ಲಿಗಳು ಮಾತ್ರ, ಹೆದ್ದಾರಿ ಇನ್ನೂ ತೆರೆದಿರೋದಿಲ್ಲ. ಆಗ ನೀರು ಏನು ಮಾಡುತ್ತೆ? ಹಿಮನದಿಯನ್ನೇ ಎತ್ತುತ್ತೆ!

ಉತ್ಪ್ರೇಕ್ಷೆ ಅಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಆಲ್ಮುಟ್ ಈಕನ್ ಅನ್ನೋ ವಿಜ್ಞಾನಿ ಮತ್ತು ಅವರ ಜೊತೆಗಾರರು 1980ರ ದಶಕದಲ್ಲಿ ಇದನ್ನ ಅಳೆದು ತೋರಿಸಿದರು. ಮಂಜುಗಡ್ಡೆಯ ತಳದವರೆಗೆ ತೂತು ಕೊರೆದು ಅದರೊಳಗಿನ ನೀರಿನ ಮಟ್ಟ ನೋಡಿದರು. ಮಟ್ಟ ಏರಿದಾಗ ಹಿಮನದಿ ವೇಗವಾಗಿ ಜಾರುತ್ತೆ, ಇಳಿದಾಗ ನಿಧಾನ. ಕರಗುವ ಕಾಲದ ಶುರುವಿನಲ್ಲಿ ಅದರ ಮೇಲ್ಮೈಯೇ ಮೇಲಕ್ಕೆದ್ದಿದ್ದೂ ಅಳತೆಯಲ್ಲಿ ಸಿಕ್ಕಿತು. ದಾರಿ ಸಿಗದ ನೀರು ಜ್ಯಾಕ್ ಹಾಕಿ ಲಾರಿ ಎತ್ತಿದ ಹಾಗೆ ಇಡೀ ಗಡ್ಡೆಯನ್ನ ಬಂಡೆಯಿಂದ ತುಸು ಬಿಡಿಸುತ್ತೆ. ಕೆಲವು ವಾರಗಳಲ್ಲಿ ಸುರಂಗ ತೆರೆದುಕೊಂಡ ಮೇಲೆ ಒತ್ತಡ ಇಳಿದು ಗಡ್ಡೆ ಮತ್ತೆ ಬಂಡೆಯ ಮೇಲೆ ಕೂರುತ್ತೆ. ನೀರು ಹೆಚ್ಚಿರೋ ಶ್ರಾವಣ-ಭಾದ್ರಪದದಲ್ಲಿ ಹಿಮನದಿ ನಿಧಾನ, ನೀರು ಕಡಿಮೆ ಇರೋ ವಸಂತದಲ್ಲಿ ಅವಸರ ಅನ್ನೋ ಹಾಗೆ ಆಗಬಹುದು. ಎಷ್ಟು ನೀರು ಅನ್ನೋದಕ್ಕಿಂತ ದಾರಿ ಇದೆಯಾ ಅನ್ನೋದೇ ಮುಖ್ಯ.

ಇದರ ಅತಿರೇಕ ಅಲಾಸ್ಕದ ವೇರಿಗೇಟೆಡ್ ಹಿಮನದಿ. 1982-83ರಲ್ಲಿ ಅದು ಹುಚ್ಚೆದ್ದು ಓಡಿತು. ಹಿಮನದಿಗಳು ಸಾಮಾನ್ಯವಾಗಿ ದಿನಕ್ಕೆ ಅಂಗುಲ, ಗೇಣು, ಹೆಚ್ಚೆಂದರೆ ಮೊಳದ ಲೆಕ್ಕದಲ್ಲಿ ಜಾರೋವು. ಇದು ಒಂದು ಹಂತದಲ್ಲಿ ದಿನಕ್ಕೆ 50 ಮೀಟರಿಗೂ ಹೆಚ್ಚು ಓಡಿತ್ತು. ಬಾರ್ಕ್ಲೇ ಕ್ಯಾಂಬ್ ಮತ್ತು ಅವರ ತಂಡ ಅದರ ಮೇಲೇ ಟೆಂಟು ಹಾಕಿ ಅಳೆಯುತ್ತಿದ್ದರು. 1983ರ ಜುಲೈ 4ರಂದು ಕೆಳಗಿನಿಂದ ಕೆಸರು ನೀರಿನ ಪ್ರವಾಹ ಹೊರಗೆ ನುಗ್ಗಿತು, ಅದರ ಜೊತೆಗೇ ಓಟವೂ ನಿಂತಿತು. ಗಲ್ಲಿಗಳಲ್ಲಿ ಸಿಕ್ಕಿಕೊಂಡಿದ್ದ ನೀರಿಗೆ ಕೊನೆಗೂ ದಾರಿ ಸಿಕ್ಕಿತ್ತು.

ಕಾಣದ ಜಾಗದ ಈ ಸಂಗತಿಗಳೆಲ್ಲ ಗೊತ್ತಾಗೋದು ಹೇಗೆ ಅಂತ ನೀವು ಕೇಳಬಹುದು. ನಮ್ಮೂರಲ್ಲಿ ಏರಿ ಹಿಂದೆ ನೀರು ಜಿನುಗಿದರೆ ಅದು ಕೆರೆಯದೋ ಬಾವಿಯದೋ ಅಂತ ನೋಡೋಕೆ ಅಪ್ಪ ಕೆರೆ ಬದಿಗೆ ರಾಗಿ ಹೊಟ್ಟು ಚೆಲ್ಲಿ, ಈ ಕಡೆ ಬರುತ್ತಾ ಅಂತ ಕಾಯುತ್ತಿದ್ದರು. ವಿಜ್ಞಾನಿಗಳದ್ದೂ ಅದೇ ಉಪಾಯ! ಸ್ವಿಟ್ಜರ್ಲೆಂಡಿನ ಆರೋಲಾ ಹಿಮನದಿಯಲ್ಲಿ 1990ರ ದಶಕದಲ್ಲಿ ಬ್ರಿಟನ್ನಿನ ಸಂಶೋಧಕರು ಗಿರಣಿ ಬಾವಿಗಳಿಗೆ ನೂರಾರು ಸಲ ಬಣ್ಣ ಸುರಿದು, ಕೆಳಗಿನ ಹೊಳೆಯಲ್ಲಿ ಅದು ಯಾವಾಗ ಕಾಣಿಸುತ್ತೆ ಅಂತ ಕಾದರು. ಬೇಸಿಗೆಯ ಶುರುವಿನಲ್ಲಿ ಬಣ್ಣ ತಡವಾಗಿ, ಚದುರಿ ಹೋಗಿ, ಪೇಲವವಾಗಿ ಬಂತು, ಅಂದರೆ ಗಲ್ಲಿಗಳ ದಾರಿ. ಬೇಸಿಗೆ ಬಲಿತಾಗ ಬೇಗ, ಒಂದೇ ಸಲಕ್ಕೆ, ದಟ್ಟವಾಗಿ ಬಂತು, ಅಂದರೆ ಹೆದ್ದಾರಿ. ಹಿಮದ ಹೊದಿಕೆ ಮೇಲಕ್ಕೆ ಸರಿದ ಹಾಗೆ ಅದರ ಬೆನ್ನಿಗೇ ಹೆದ್ದಾರಿಯೂ ಮೂತಿಯ ಕಡೆಯಿಂದ ಮೇಲ್ಮೇಲಕ್ಕೆ ಬೆಳೆಯುತ್ತಾ ಹೋಯಿತು. ಪ್ರತಿವರ್ಷ ಬೇಸಿಗೆಗೆ ಮುಂಚೆ ಕಾಲುವೆಯ ಹೂಳೆತ್ತಿಸುತ್ತಾರಲ್ಲ, ಅಲ್ಲಿ ಆ ಕೆಲಸ ಮಾಡೋದು ನೀರೇ.

ಇಷ್ಟರವರೆಗೆ ಕುತೂಹಲದ ಕತೆ. ದಾರಿ ಸಿಗದೇ ಹೋದರೆ ಏನಾಗುತ್ತೆ ಅನ್ನೋದು ಬೇರೆ ಕತೆ.

ಫ್ರಾನ್ಸಿನ ಮೌಂಟ್ ಬ್ಲಾಂಕ್ ಪರ್ವತದಲ್ಲಿ ಟೆಟ್ ರೂಸ್ ಅಂತ ಒಂದು ಪುಟ್ಟ ಹಿಮನದಿ ಇದೆ. ಗಂಗೋತ್ರಿಯ ಮುಂದೆ ಅದೊಂದು ಕರವಸ್ತ್ರ. 1892ರ ಜುಲೈ 11-12ರ ರಾತ್ರಿ ಅದರ ಹೊಟ್ಟೆಯಲ್ಲಿ ತುಂಬಿಕೊಂಡಿದ್ದ ನೀರು ಒಡೆದು ಹೊರಬಂತು. ದಾರಿಯ ಮಣ್ಣು, ಬಂಡೆ, ಮರ ಎಲ್ಲ ಬಾಚಿಕೊಂಡು ಕೆಳಗಿನ ಸೇಂಟ್ ಜರ್ವೇ ಊರಿನ ಬಿಸಿನೀರಿನ ಸ್ನಾನಗೃಹದ ಮೇಲೆ ಬಿತ್ತು. ನಿದ್ದೆಯಲ್ಲಿದ್ದವರು, ಸುಮಾರು 175 ಜನ ಸತ್ತರು. ಆಮೇಲೆ ಅಲ್ಲಿನವರು ನೀರು ಬಸಿದುಹೋಗಲಿ ಅಂತ ಬಂಡೆಯಲ್ಲಿ ಸುರಂಗ ಕೊರೆದರು. ನೂರು ವರ್ಷ ಕಳೆಯಿತು. ಈ ಸುರಂಗ ಇನ್ನೂ ಬೇಕಾ, ಸುಮ್ಮನೆ ಯಾಕೆ ಖರ್ಚು ಅನ್ನೋ ಪ್ರಶ್ನೆ ಬಂದು, ನೋಡಿ ಹೇಳಿ ಅಂತ ವಿಜ್ಞಾನಿಗಳನ್ನ ಕೇಳಿದರು. ಅವರು ಆಸ್ಪತ್ರೆಯ ಎಂಆರ್‌ಐ ಸ್ಕ್ಯಾನಿನ ತತ್ವದ ಮೇಲೇ ನಡೆಯೋ ಉಪಕರಣದಲ್ಲಿ, ಮಂಜುಗಡ್ಡೆಯ ಮೇಲೆ ತಂತಿಯ ಸುರುಳಿ ಹಾಸಿ ನೋಡಿದರು. ಒಳಗೆ ಸುಮಾರು 55,000 ಘನ ಮೀಟರ್ ನೀರು ಮತ್ತೆ ಸೇರಿಕೊಂಡಿತ್ತು! ಮೂತಿಯ ಭಾಗದ ಮಂಜುಗಡ್ಡೆ ಸೊನ್ನೆಗಿಂತ ತಣ್ಣಗಿದ್ದು ಬಂಡೆಗೆ ಅಂಟಿಕೊಂಡಿತ್ತು, ಅದೇ ಬಿರಡೆ. ಮೇಲಿನ ಭಾಗ ಕರಗೋ ಹದದಲ್ಲಿತ್ತು, ಅಲ್ಲಿ ಇಳಿದ ನೀರು ಬಿರಡೆಯ ಹಿಂದೆ ತುಂಬಿಕೊಂಡಿತ್ತು. ಕೆಳಗಿನ ಕಣಿವೆಯಲ್ಲಿ ಸುಮಾರು 3,000 ಜನ. 2010ರಲ್ಲಿ ಮಂಜುಗಡ್ಡೆಗೆ ತೂತು ಕೊರೆದು, ಪಂಪ್ ಇಳಿಸಿ ಆ ನೀರನ್ನ ಹೊರತೆಗೆದರು. ಪತ್ರಿಕೆಯಲ್ಲಿ ದೊಡ್ಡ ಸುದ್ದಿ ಆಗಲಿಲ್ಲ, ಯಾಕಂದರೆ ಯಾರೂ ಸಾಯಲಿಲ್ಲ. ನನಗೆ ಇಡೀ ಓದಿನಲ್ಲಿ ಬಹಳ ಇಷ್ಟವಾಗಿದ್ದು ಈ ಘಟನೆ. ಮೋಟಾರ್ ಇಟ್ಟು ಹಿಮನದಿಯ ಹೊಟ್ಟೆಯ ನೀರು ಎತ್ತಿದ ಆ ನೀರುಗಂಟಿಗಳಿಗೆ ಅಪ್ಪ ಫೋನಿನಲ್ಲೇ ಶಹಬ್ಬಾಸ್ ಅಂದರು.

ನಮ್ಮ ಕಡೆಯ ಕತೆ ಹಾಗೆ ಮುಗಿಯಲಿಲ್ಲ. 2013ರ ಜೂನಿನಲ್ಲಿ ನಮ್ಮ ಚಿಕ್ಕಪ್ಪ ಚಿಕ್ಕಮ್ಮ ಕೇದಾರಕ್ಕೆ ಹೋಗಿದ್ದರು. 14ನೇ ತಾರೀಕು ದರ್ಶನ ಮುಗಿಸಿ, 15ಕ್ಕೆ ಕೆಳಗಿಳಿದು ಗುಪ್ತಕಾಶಿಯ ಕಡೆ ಹೊರಟಿದ್ದೀವಿ ಅಂತ ಫೋನ್ ಮಾಡಿದ್ದೇ ಕೊನೆ. 16ರ ಸಂಜೆ ಮೊದಲ ಪ್ರವಾಹ, 17ರ ಬೆಳಿಗ್ಗೆ ಚೋರಾಬರಿ ಕೆರೆ ಒಡೆಯಿತು. ಟಿವಿಯಲ್ಲಿ ದೇವಸ್ಥಾನದ ಸುತ್ತ ಬಂಡೆ, ಕೆಸರು. ನಮ್ಮ ಮನೆಯಲ್ಲಿ ನಾಲ್ಕು ದಿನ ಒಲೆ ಹೊತ್ತಿದ್ದು ಮಕ್ಕಳಿಗಾಗಿ ಮಾತ್ರ. ಸಹಾಯವಾಣಿಯ ನಂಬರುಗಳಿಗೆ ಫೋನ್ ಹಚ್ಚೀ ಹಚ್ಚೀ ಕೈ ಸೋತಿತ್ತು. 20ನೇ ತಾರೀಕು ಯಾರದೋ ಮೊಬೈಲಿನಿಂದ ಚಿಕ್ಕಮ್ಮನ ದನಿ ಬಂತು, "ಬದುಕಿದ್ದೀವಿ ಕಣಮ್ಮಾ." ಅಷ್ಟೇ, ಲೈನ್ ಕಟ್. ಅವರ ಜೊತೆ ಬಸ್ಸಿನಲ್ಲಿ ಹೋಗಿ ಒಂದು ದಿನ ಹೆಚ್ಚು ಉಳಿದುಕೊಂಡ ಒಂದು ಕುಟುಂಬ ವಾಪಸ್ ಬರಲೇ ಇಲ್ಲ.

ಚೋರಾಬರಿ ಕೆರೆ ಹಿಮನದಿಯ ಹೊಟ್ಟೆಯೊಳಗಿನದಲ್ಲ. ಹಿಮನದಿ ತಂದು ಪಕ್ಕಕ್ಕೆ ಗುಡ್ಡೆ ಹಾಕಿದ ಕಲ್ಲುಮಣ್ಣಿನ ದಿಬ್ಬದ ಹಿಂದೆ ನಿಂತ ನೀರು. ಆಮೇಲೆ ವಾಡಿಯಾ ಹಿಮಾಲಯ ಭೂವಿಜ್ಞಾನ ಸಂಸ್ಥೆಯವರು ಬರೆದದ್ದನ್ನ ಓದಿದೆ. ಸುಮಾರು 400 ಮೀಟರ್ ಉದ್ದ, 200 ಮೀಟರ್ ಅಗಲದ ಕೆರೆ. ಅದಕ್ಕೆ ಸರಿಯಾದ ಹೊರದಾರಿಯೇ ಇರಲಿಲ್ಲ, ತಳದ ಸಣ್ಣ ಸಂದಿಗಳಿಂದ ನೀರು ಸೋರಿ ಹೋಗುತ್ತಿತ್ತು ಅಷ್ಟೇ. ವಿಪರೀತ ಮಳೆ ಬಂತು, ಮೇಲಿನ ಹಿಮವೂ ಕರಗಿ ಸೇರಿಕೊಂಡಿತು, ಸಂದಿ ಸಾಲಲಿಲ್ಲ, ದಿಬ್ಬ ಒಡೆಯಿತು. ಐದು-ಹತ್ತು ನಿಮಿಷದಲ್ಲಿ ಕೆರೆ ಖಾಲಿ. ಇದನ್ನ ನಾನು ಅಪ್ಪನಿಗೆ ಓದಿ ಹೇಳಿದಾಗ ಫೋನಿನ ಆ ಕಡೆ ಬಹಳ ಹೊತ್ತು ಮಾತಿಲ್ಲ. ಆಮೇಲೆ, "ಕೋಡಿ ಇಲ್ದಿರೋ ಕೆರೆ ಕೆಳಗೆ ಊರು ಕಟ್ಟವ್ರೆ," ಅಂದರು.

2023ರ ಅಕ್ಟೋಬರಿನಲ್ಲಿ ಸಿಕ್ಕಿಮಿನ ದಕ್ಷಿಣ ಲೋನಕ್ ಕೆರೆಯೂ ಹೀಗೇ ಒಡೆದು, ಚುಂಗ್ತಾಂಗಿನ ಅಣೆಕಟ್ಟನ್ನೇ ಕೊಚ್ಚಿಕೊಂಡು ಹೋಯಿತು. ಅಲ್ಲಿ ದಿಬ್ಬದ ದೊಡ್ಡ ಭಾಗ ಕುಸಿದು ಕೆರೆಯೊಳಗೆ ಬಿದ್ದು ಅಲೆ ಎದ್ದಿತ್ತು. ಹಿಮನದಿಗಳು ಹಿಂದೆ ಸರಿದ ಹಾಗೆ ಅವು ಬಿಟ್ಟುಹೋದ ತಗ್ಗುಗಳಲ್ಲಿ ಇಂಥ ಕೆರೆಗಳು ಹುಟ್ಟುತ್ತವೆ, ಇದ್ದವು ದೊಡ್ಡದಾಗುತ್ತವೆ. ಕೆರೆ ಅಂದರೆ ಕಣ್ಣಿಗೆ ಕಾಣುತ್ತೆ, ಉಪಗ್ರಹದಿಂದ ಎಣಿಸಬಹುದು. ಹೊಟ್ಟೆಯೊಳಗಿನ ನೀರನ್ನ ಎಣಿಸೋದು ಕಷ್ಟ. ಅದರಲ್ಲೂ ಹಿಮಾಲಯದ ಎಷ್ಟೋ ಹಿಮನದಿಗಳ ಕೆಳಭಾಗ ಕಲ್ಲುಮಣ್ಣಿನಿಂದ ಮುಚ್ಚಿರುತ್ತೆ. ಗೋಮುಖದ ಮೇಲೆ ನಿಂತು ನೋಡಿದರೆ ಕಲ್ಲು ಕ್ವಾರಿಯ ಹಾಗೆ ಕಾಣುತ್ತೆ, ಅಡಿಯಲ್ಲಿ ಮಂಜುಗಡ್ಡೆ ಇದೆ ಅಂತ ನಂಬೋದು ಕಷ್ಟ. ನೇಪಾಳದ ಎವರೆಸ್ಟ್ ಸೀಮೆಯಲ್ಲಿ ಡಗ್ ಬೆನ್ ಮತ್ತು ಜೇಸನ್ ಗಲ್ಲಿ ಅನ್ನೋ ಸಂಶೋಧಕರು ನೀರು ಖಾಲಿಯಾದ ಸುರಂಗಗಳೊಳಗೆ ಗುಹೆ ಹೊಕ್ಕ ಹಾಗೆ ಹಗ್ಗ ಕಟ್ಟಿಕೊಂಡು ಇಳಿದು ನಕ್ಷೆ ಬರೆದಿದ್ದಾರೆ. ಮೇಲಿನ ಕೊಳಗಳ ನೀರು ಹಳೆಯ ಬಿರುಕು, ಮುಚ್ಚಿಹೋದ ತೊರೆಗಳ ಗೆರೆ ಹಿಡಿದು ಒಳಗಿಳಿಯುತ್ತೆ ಅಂತ ಅವರು ಕಂಡುಕೊಂಡರು. ಓದುವಾಗಲೇ ನನಗೆ ಕೈಕಾಲು ತಣ್ಣಗಾಯಿತು.

ನಮ್ಮವರ ಕೆಲಸವೂ ಇದೆ. ರೂರ್ಕಿಯ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯವರು ಭೋಜ್‌ಬಾಸಾ ಹತ್ತಿರ ವರ್ಷಗಟ್ಟಲೆ ಭಾಗೀರಥಿಯ ಹರಿವು ಅಳೆದರು. ಕರಗೋದು ಹಗಲಲ್ಲಿ, ಆದರೆ ಗಂಗೋತ್ರಿ ಹಿಮನದಿಯಿಂದ ರಾತ್ರಿ ಹರಿಯೋ ನೀರು ಹಗಲಿನದಕ್ಕೆ ಹತ್ತಿರ ಹತ್ತಿರವೇ ಇರುತ್ತೆ ಅನ್ನೋದು ಅದರಲ್ಲಿ ಸಿಕ್ಕ ಸಂಗತಿ. ಅಂದರೆ ಸುಮಾರು 30 ಕಿಲೋಮೀಟರ್ ಉದ್ದದ ಆ ಗಡ್ಡೆ ಹಗಲಿನ ನೀರನ್ನ ಒಳಗೆ ಹಿಡಿದಿಟ್ಟುಕೊಂಡು ರಾತ್ರಿಯಿಡೀ ಬಿಡುತ್ತೆ. ನಾವು ದಾಟಿದ ಹಳ್ಳ ಸಣ್ಣ ಹಿಮನದಿಯದು, ಹಿಡಿದಿಡೋ ಶಕ್ತಿ ಕಡಿಮೆ, ಅದಕ್ಕೇ ಸಂಜೆ ಹಾಗೆ ಉಬ್ಬಿತ್ತು. ದೊಡ್ಡದು ಕೆರೆ ಇದ್ದ ಹಾಗೆ, ಸಣ್ಣದು ಮೋರಿ ಇದ್ದ ಹಾಗೆ. ಅಪ್ಪನ ಪ್ರಶ್ನೆಗೆ ಇದೇ ಪೂರ್ತಿ ಉತ್ತರ: ಎತ್ತೋದು ಸೂರ್ಯ, ಆದರೆ ಎಷ್ಟು ಹೊತ್ತಿಗೆ, ಎಷ್ಟು ನೀರು ಅಂತ ತೀರ್ಮಾನ ಮಾಡೋದು ಒಳಗಿನ ದಾರಿ. ಮೇಲೆ ನೀರುಗಂಟಿ ಯಾರೂ ಇಲ್ಲ. ದೊಡ್ಡದೆಲ್ಲ ಸಣ್ಣದಾಗ್ತಾ ಹೋದರೆ ಬೆಟ್ಟದ ಊರುಗಳು ಕಳೆದುಕೊಳ್ಳೋದು ಬರೀ ನೀರನ್ನಲ್ಲ, ಈ ಹಿಡಿದಿಟ್ಟು ಬಿಡೋ ಗುಣವನ್ನೂ. ಕೆಳಗೆ ಬಯಲಿನ ಗಂಗೆಗೆ ಸಿಂಹಪಾಲು ಮಳೆಯದೇ, ಆದರೆ ಉತ್ತರಕಾಶಿಯ ಹಳ್ಳಿಗೆ ಬೇಸಿಗೆಯಲ್ಲಿ ಹಾಗಲ್ಲ.

2025ರ ಆಗಸ್ಟ್ 5ರಂದು ಧರಾಲಿಯ ವಿಡಿಯೋ ನೀವೆಲ್ಲ ನೋಡಿರ್ತೀರಿ. ಬೆಟ್ಟದ ಖೀರ್ ಗಂಗಾ ಹಳ್ಳದಲ್ಲಿ ಕೆಸರಿನ ಪ್ರವಾಹ ಇಳಿದು ಮನೆ, ಹೋಟೆಲುಗಳನ್ನ ಕೆಲವೇ ಕ್ಷಣಗಳಲ್ಲಿ ಮುಳುಗಿಸಿತು. ನಾವು ಚಹಾ ಕುಡಿದ ಅಂಗಡಿ ರಸ್ತೆ ಪಕ್ಕದಲ್ಲೇ ಇತ್ತು. ಅಪ್ಪ ಆ ವಿಡಿಯೋವನ್ನ ಒಂದೇ ಸಲ ನೋಡಿ ಮೊಬೈಲ್ ಮಗುಚಿ ಇಟ್ಟರು.

ಹೀಗಿರುವಾಗ ಹೋದ ವಾರ ಚಿಕ್ಕಪ್ಪ ಫೋನ್ ಮಾಡಿದ್ದರು. ವಯಸ್ಸು ಎಪ್ಪತ್ತೊಂದು. ಮತ್ತೊಂದು ಸಲ ಕೇದಾರ ನೋಡಬೇಕಂತೆ. ಚಿಕ್ಕಮ್ಮ ಸುತಾರಾಂ ಒಪ್ಪುತ್ತಿಲ್ಲ. "ನೀನು ಅದೇನೋ ಹಿಮನದಿ ಬಗ್ಗೆ ಎಲ್ಲಾ ಓದ್ಕೊಂಡಿದ್ದೀಯಂತಲ್ಲ, ನೀನೇ ಹೇಳು, ಹೋಗ್ಬಹುದಾ ಬೇಡ್ವಾ?" ಅಂದರು. ನಾನು ಹೋಗಬೇಡಿ ಅನ್ನಲಿಲ್ಲ. ಮೇ ತಿಂಗಳಲ್ಲಿ ಹೋಗಿ, ಮಳೆಗಾಲ ಬೇಡ ಅಂದೆ. ಹಳ್ಳ ದಾಟೋದಿದ್ದರೆ ಬೆಳಿಗ್ಗೆಯೇ ದಾಟಿ, ಹೊಳೆಗೆ ತಾಗಿದ ಲಾಡ್ಜಿನಲ್ಲಿ ಉಳ್ಕೋಬೇಡಿ, ಸಾವಿರ ರೂಪಾಯಿ ಜಾಸ್ತಿಯಾದರೂ ಎತ್ತರದಲ್ಲಿ ರೂಮು ಹಿಡೀರಿ ಅಂದೆ. ಹರಿಯೋ ನೀರು ಇದ್ದಕ್ಕಿದ್ದ ಹಾಗೆ ಕಡಿಮೆಯಾದರೆ ಖುಷಿ ಪಡಬೇಡಿ, ಮೇಲೆಲ್ಲೋ ಕಟ್ಟಿಕೊಂಡಿದೆ ಅಂತ ಅರ್ಥ, ಎದ್ದು ಬೆಟ್ಟದ ಕಡೆ ಹತ್ತಿ ಅಂದೆ. ಚಿಕ್ಕಪ್ಪ ಎಲ್ಲಾನೂ ಒಂದು ಚೀಟಿಯಲ್ಲಿ ಬರೆದುಕೊಂಡರು, ಪೆನ್ನು ಗೀಚೋ ಸದ್ದು ಕೇಳ್ತಾ ಇತ್ತು. ಚಿಕ್ಕಮ್ಮ ಹಿಂದಿನಿಂದ, "ಅದೇ ಚೀಟಿ ಹಿಡ್ಕೊಂಡು ಒಬ್ರೇ ಹೋಗಿ," ಅಂತ ಕೂಗಿದರು.

ಇನ್ನೂ ಮಾತುಕತೆ ನಡೀತಾ ಇದೆ. ಜೊತೆಗೆ ಅಪ್ಪನೂ ಹೊರಡೋ ಸೂಚನೆ ಇದೆ. ನಿಮ್ಮಲ್ಲಿ ಯಾರಾದರೂ ಇತ್ತೀಚೆಗೆ ಆ ಕಡೆ ಹೋಗಿ ಬಂದಿದ್ದರೆ ದಾರಿ ಹೇಗಿದೆ, ಎತ್ತರದಲ್ಲಿ ಉಳ್ಕೊಳ್ಳೋಕೆ ಎಲ್ಲಿ ಅನುಕೂಲ ಅಂತ ದಯವಿಟ್ಟು ಕೆಳಗೆ ಬರೆದು ತಿಳಿಸಿ. ಚೀಟಿಯಲ್ಲಿ ಇನ್ನೂ ಜಾಗ ಇದೆಯಂತೆ.